ಹಿಮ ತಳ್ಳುವ ಸಣ್ಣ ಟ್ರ್ಯಾಕ್ಟರಿಗೆ ಯಾವ ಚೈನು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ಊರಿನ ಹೊರಗೆ. ಒಂಟಾರಿಯೋ ಸರೋವರದ ಮೇಲಿಂದ ಬೀಸುವ ಥಂಡಿ ಗಾಳಿ ನೀರಿನ ಆವಿ ಹೊತ್ತು ತಂದು ಇಲ್ಲಿ ಹಿಮವಾಗಿ ಸುರಿಯುತ್ತದೆ. ವರ್ಷಕ್ಕೆ 120 ಇಂಚಿನ ಆಸುಪಾಸು ಬೀಳುವ ಊರಿದು. ಒಂದೆರಡು ಎಕರೆ ಜಾಗ, ಉದ್ದನೆಯ ಡ್ರೈವ್‌ವೇ ಇರುವ ಮನೆ ಕೊಂಡ ಕನ್ನಡದವರು ನಮ್ಮ ಪರಿಚಯದಲ್ಲೇ ಕೆಲವರಿದ್ದಾರೆ. ಮೊದಲ ವರ್ಷ ಸಲಿಕೆ, ಎರಡನೇ ವರ್ಷ ಕೈಯಲ್ಲಿ ತಳ್ಳುವ ಸ್ನೋ ಬ್ಲೋವರ್ (ಹಿಮ ಎಸೆಯುವ ಯಂತ್ರ), ಮೂರನೇ ವರ್ಷ ಸಣ್ಣ ಟ್ರ್ಯಾಕ್ಟರ್. ಟ್ರ್ಯಾಕ್ಟರ್ ಬಂದ ಮೊದಲ ಚಳಿಗಾಲದಲ್ಲೇ ಫೋನ್ ಬರುತ್ತದೆ: ಚಕ್ರ ಜಾರ್ತಿದೆ, ಯಾವ ಚೈನು ತಗೊಳ್ಳಲಿ? ಚೈನು ಅಂದರೆ ಹಿಮದಲ್ಲಿ ಜಾರದ ಹಾಗೆ ಟೈರಿನ ಸುತ್ತ ಹೊದಿಸುವ ಕಬ್ಬಿಣದ ಸರಪಳಿ.

ಅವರಿಗೆಲ್ಲ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಇದು ಕುಬೋಟಾ ಬಿಎಕ್ಸ್, ಜಾನ್ ಡೀರ್ 1025ಆರ್, ಮಹೀಂದ್ರಾದ ಸಣ್ಣ ಮಾಡೆಲ್‌ಗಳು, ಇಂಥ ಟ್ರ್ಯಾಕ್ಟರುಗಳಿಗೆ ಹೊಂದುವ ಮಾತು.

ನಮ್ಮದು ಫೋರ್ ವೀಲ್ ಡ್ರೈವ್. ಆದರೂ ಚೈನು ಬೇಕಾ?

ಡ್ರೈವ್‌ವೇ ಸಪಾಟಾಗಿದ್ದರೆ, ಬೀಳುವುದು ಬರೀ ಹೊಸ ಹಿಮವಾದರೆ, ಬಹಳ ಸಲ ಬೇಡ. ಇಳಿಜಾರು ಇದ್ದರೆ ಬೇಕು.

ಎಲ್ಲರೂ ಚೈನನ್ನು ಮುಂದೆ ಹೋಗಲಿಕ್ಕೆ ಅಂದುಕೊಳ್ಳುತ್ತಾರೆ. ನಾನು ಅದನ್ನು ನಿಲ್ಲಲಿಕ್ಕೆ ಹಾಕುತ್ತೇನೆ. ಸಣ್ಣ ಟ್ರ್ಯಾಕ್ಟರುಗಳಲ್ಲಿ ಬ್ರೇಕ್ ಇರುವುದು ಸಾಮಾನ್ಯವಾಗಿ ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಮುಂದೆ ಲೋಡರ್, ಅಂದರೆ ಬಕೆಟ್ ಹೊತ್ತು ಎತ್ತುವ ತೋಳುಗಳು, ತೂಗುತ್ತಿರುತ್ತದೆ. ಇಳಿಜಾರಿನಲ್ಲಿ ಮೂತಿ ಕೆಳಗಾದರೆ ಇದ್ದ ತೂಕವೂ ಮುಂದಕ್ಕೇ ಹೋಗುತ್ತದೆ. ಬ್ರೇಕ್ ಇರುವ ಚಕ್ರದ ಮೇಲೆ ಭಾರವಿಲ್ಲ, ಭಾರ ಇರುವ ಚಕ್ರಕ್ಕೆ ಬ್ರೇಕಿಲ್ಲ.

ನಮ್ಮ ಡ್ರೈವ್‌ವೇ ಮನೆಯಿಂದ ರಸ್ತೆಗೆ ಇಳಿಯುತ್ತದೆ. ಮೊದಲ ಚಳಿಗಾಲ, ಜನವರಿಯ ಒಂದು ಬೆಳಗ್ಗೆ. ಹಿಂದಿನ ದಿನ ಕರಗಿದ್ದ ಹಿಮ ರಾತ್ರಿ ಹೆಪ್ಪುಗಟ್ಟಿ ಗಾಜಿನ ಹಾಗಾಗಿತ್ತು. ಅದರ ಮೇಲೆ ಎರಡಿಂಚು ಹೊಸ ಹಿಮ ಕೂತಿದ್ದರಿಂದ ಕೆಳಗಿನ ಗಾಜು ಕಾಣಲಿಲ್ಲ. ಅರ್ಧ ಇಳಿಯುವಷ್ಟರಲ್ಲಿ ಬ್ರೇಕ್ ಒತ್ತಿದೆ. ಹಿಂದಿನ ಚಕ್ರ ಎರಡೂ ನಿಂತವು, ಟ್ರ್ಯಾಕ್ಟರ್ ನಿಲ್ಲಲಿಲ್ಲ. ಸದ್ದೇ ಇಲ್ಲದೆ ರಸ್ತೆ ಕಡೆಗೆ ಜಾರುತ್ತಾ ಹೋಯಿತು. ಬಕೆಟ್ಟನ್ನು ನೆಲಕ್ಕೆ ಒತ್ತಿದ ಮೇಲೆ, ಅದರ ಅಂಚು ಐಸನ್ನು ಕೆರೆಯುತ್ತಾ ಹೋಗಿ, ರಸ್ತೆಗೆ ಒಂದು ಕಾರಿನಷ್ಟು ದೂರದಲ್ಲಿ ನಿಂತಿತು. ಅವತ್ತು ಫೋರ್ ವೀಲ್ ಲಿವರ್ ಹಾಕಿರಲಿಲ್ಲ. ಫೋರ್ ವೀಲ್ ಹಾಕಿದ್ದರೆ ಹಿಂದಿನ ಬ್ರೇಕ್ ಶಾಫ್ಟ್ ಮೂಲಕ ಮುಂದಿನ ಚಕ್ರವನ್ನೂ ಹಿಡಿಯುತ್ತದೆ. ಇಳಿಯುವಾಗ ಫೋರ್ ವೀಲ್ ಯಾವತ್ತೂ ತೆಗೆಯಬೇಡಿ. ಚೈನು ಹಾಕಿದ ಮೇಲೂ ತೆಗೆಯಬೇಡಿ.

ಮೊದಲು ಚೈನು ತಗೊಳ್ಳೋದಾ, ತೂಕ ಹಾಕೋದಾ?

ತೂಕ. ಹಿಂದೆ ಹಗುರ ಇರುವ ಟ್ರ್ಯಾಕ್ಟರಿಗೆ ಎಂಥ ಚೈನು ಹಾಕಿದರೂ ಕಬ್ಬಿಣ ಐಸಿಗೆ ಕಚ್ಚುವುದಿಲ್ಲ, ಮೇಲೇ ಉಜ್ಜುತ್ತದೆ. ಹಿಂಬದಿ ತ್ರೀ ಪಾಯಿಂಟ್‌ಗೆ (ಉಪಕರಣ ಸಿಕ್ಕಿಸುವ ತೋಳುಗಳಿಗೆ) ಒಂದು ಬ್ಯಾಲಸ್ಟ್ ಬಾಕ್ಸ್, ಅಂದರೆ ತೂಕದ ಪೆಟ್ಟಿಗೆ, ಸಿಕ್ಕಿಸಿ ಕಲ್ಲೋ ಮರಳೋ ತುಂಬಿ. ಇಲ್ಲವೇ ಹಿಂದಿನ ಟೈರಿನೊಳಗೆ ದ್ರವ ತುಂಬಿಸಿ. ಬರೀ ನೀರು ಬೇಡ, ಇಲ್ಲಿನ ಚಳಿಗೆ ಒಳಗೇ ಗಡ್ಡೆಯಾಗುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ನೀರಿಗಿಂತ ಜಾಸ್ತಿ ತೂಗುತ್ತದೆ, ಆದರೆ ಸೋರಿದರೆ ರಿಮ್ಮನ್ನು ತುಕ್ಕು ತಿನ್ನುತ್ತದೆ. ಸಕ್ಕರೆ ಬೀಟ್ ಗಡ್ಡೆಯಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ರಸ ಟೈರಿಗೆ ತುಂಬಲಿಕ್ಕೆಂದೇ ಇಲ್ಲಿ ಸಿಗುತ್ತದೆ. ಅದು ಹೆಪ್ಪುಗಟ್ಟುವುದೂ ಕಷ್ಟ, ತುಕ್ಕೂ ಹಿಡಿಸುವುದಿಲ್ಲ. ನಮ್ಮದಕ್ಕೆ ಅದೇ ಹಾಕಿಸಿದ್ದೇನೆ.

ಹಿಂದೆ ಭಾರದ ಸ್ನೋ ಬ್ಲೋವರ್ ಸಿಕ್ಕಿಸಿದ್ದರೆ ಅದೇ ತೂಕವಾಯಿತು, ಬೇರೆ ಏನೂ ಬೇಡ.

ಆರ್1, ಆರ್3, ಆರ್4 ಅಂತಾರಲ್ಲ, ಚೈನಿಗೂ ಅದಕ್ಕೂ ಏನು ಸಂಬಂಧ?

ಬಹಳ ಇದೆ. ಆರ್1 ಅಂದರೆ ನಮ್ಮೂರ ಹೊಲದ ಟ್ರ್ಯಾಕ್ಟರಿಗೆ ಇರುವ, ಓರೆಯಾಗಿ ಎದ್ದು ನಿಂತ ದಪ್ಪ ಪಟ್ಟಿಗಳ ಟೈರು. ಆಳವಾದ ಮೆತ್ತನೆ ಹಿಮದಲ್ಲಿ ಚೆನ್ನಾಗಿ ಅಗೆಯುತ್ತದೆ, ಗಟ್ಟಿ ಐಸಿನ ಮೇಲೆ ಜಾರುತ್ತದೆ. ಆರ್3 ಹುಲ್ಲುಹಾಸಿನ ಟೈರು. ಸಣ್ಣ ಸಣ್ಣ ಗುಬ್ಬಿ ಜಾಸ್ತಿ ಇರುವುದರಿಂದ ತೆಳುವಾದ ಹಿಮದಲ್ಲಿ ಇದೇ ವಾಸಿ. ಆರ್4 ಲೋಡರ್ ಕೆಲಸದ ಟೈರು. ದಪ್ಪ, ಗಟ್ಟಿ, ಮುಳ್ಳಿಗೆ ಬಗ್ಗುವುದಿಲ್ಲ. ಹಿಮದಲ್ಲಿ ಮೂರರ ಪೈಕಿ ಹೆಚ್ಚು ತೊಂದರೆ ಕೊಡುವುದು ಇದೇ. ದುರದೃಷ್ಟಕ್ಕೆ ಲೋಡರ್ ಇರುವ ಸಣ್ಣ ಟ್ರ್ಯಾಕ್ಟರುಗಳು ಹೆಚ್ಚಾಗಿ ಬರುವುದು ಇದರ ಮೇಲೇ. ಆರ್4 ಜೊತೆಗೆ ಇಳಿಜಾರೂ ಇದ್ದರೆ ಚೈನಿನ ಬಗ್ಗೆ ಎರಡನೇ ಯೋಚನೆ ಬೇಡ.

ಎಷ್ಟು ಬಗೆಯ ಚೈನುಗಳಿವೆ? ಯಾವುದು ಒಳ್ಳೆಯದು?

ಸಣ್ಣ ಟ್ರ್ಯಾಕ್ಟರಿಗೆ ನೋಡಬೇಕಾದ್ದು ಮೂರು.

ಮೊದಲನೆಯದು ಏಣಿ ಚೈನು, ಅಂಗಡಿಯಲ್ಲಿ ಲ್ಯಾಡರ್ ಅಂತ ಕೇಳಿ. ಟೈರಿನ ಒಳಮಗ್ಗುಲಲ್ಲಿ ಒಂದು, ಹೊರಮಗ್ಗುಲಲ್ಲಿ ಒಂದು ಉದ್ದ ಚೈನು. ಅವೆರಡರ ನಡುವೆ ಏಣಿ ಮೆಟ್ಟಿಲಿನ ಹಾಗೆ ಅಡ್ಡ ಚೈನುಗಳು. ಕಾರಿನ ಕಾಲದಿಂದ ಬಂದ ಹಳೇ ವಿನ್ಯಾಸ ಇದು. ಇದಕ್ಕೆ ಪೇಟೆಂಟ್ ಪಡೆದ ಹ್ಯಾರಿ ವೀಡ್ ನಮ್ಮ ಪಕ್ಕದ ಊರಿನವರೇ: ಸಿರಾಕ್ಯೂಸ್‌ನಿಂದ ಪೂರ್ವಕ್ಕೆ ಅರ್ಧ ಗಂಟೆ ದೂರದ ಕನಸ್ಟೋಟಾ, 1904ರಲ್ಲಿ. ಆ ಕಡೆ ಹೋದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಈ ಹಿಮದಲ್ಲಿ ಒದ್ದಾಡಿದವರೇ ಈ ಉಪಾಯ ಹುಡುಕಿದ್ದು ಸಹಜವೇ ಅಲ್ವಾ.

ಏಣಿ ಚೈನಿನಲ್ಲಿ ಒಂದು ವಿಷಯ ನೋಡಲೇಬೇಕು: ಮೆಟ್ಟಿಲು ಎಷ್ಟು ಕೊಂಡಿಗೊಂದು ಇದೆ? ನಾಲ್ಕು ಕೊಂಡಿಗೊಂದು ಇದ್ದರೆ ಅಗ್ಗ. ಆದರೆ ಎರಡು ಮೆಟ್ಟಿಲ ನಡುವೆ ಬರೀ ರಬ್ಬರ್ ನೆಲ ಮುಟ್ಟುತ್ತದೆ. ಅಲ್ಲಿ ಜಾರುತ್ತದೆ, ಮೆಟ್ಟಿಲು ಬಂದಾಗ ಕಚ್ಚುತ್ತದೆ, ಮತ್ತೆ ಜಾರುತ್ತದೆ. ಗಟ್ಟಿ ನೆಲದ ಮೇಲೆ ಎತ್ತಿನ ಗಾಡಿಯಲ್ಲಿ ಕೂತ ಹಾಗೆ ದಡಬಡ ಕುಲುಕಾಟ ಬೇರೆ. ಆರ್1, ಆರ್4 ಟೈರಿನಲ್ಲಿ ಈ ಅಡ್ಡ ಚೈನುಗಳು ಪಟ್ಟಿಗಳ ನಡುವಿನ ಗುಂಡಿಗೆ ಇಳಿದು ಕೂತುಬಿಡುತ್ತವೆ. ಆಮೇಲೆ ಚೈನು ಇದ್ದೂ ಇಲ್ಲದ ಹಾಗೆ. ಎರಡು ಕೊಂಡಿಗೊಂದು ಮೆಟ್ಟಿಲಿರುವ ಚೈನು ಇದಕ್ಕಿಂತ ಎಷ್ಟೋ ಮೇಲು. ಆರ್3 ಟೈರಿಗೆ, ಸಪಾಟು ಜಾಗಕ್ಕೆ ಅದು ಸಾಕು. ಏಣಿ ಚೈನಿನ ಇನ್ನೊಂದು ಕೊರತೆ, ಮೆಟ್ಟಿಲೆಲ್ಲ ಒಂದೇ ದಿಕ್ಕಿಗೆ ಇರುವುದರಿಂದ ಅಡ್ಡಕ್ಕೆ ಜಾರುವುದನ್ನು ಅದು ಅಷ್ಟಾಗಿ ತಡೆಯುವುದಿಲ್ಲ.

ಎರಡನೆಯದು ಡ್ಯುಯೋ ಗ್ರಿಪ್. ಇದರಲ್ಲಿ ಪಕ್ಕಪಕ್ಕದ ಅಡ್ಡ ಚೈನುಗಳನ್ನು ನಡುವೆ ಉದ್ದದ ತುಂಡುಗಳಿಂದ ಸೇರಿಸಿರುತ್ತಾರೆ. ಹಾಗಾಗಿ ಅವು ಪಟ್ಟಿಗಳ ನಡುವೆ ಬೀಳದೆ ಮೇಲೇ ನಿಲ್ಲುತ್ತವೆ. ಆರ್1, ಆರ್4 ಇರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಅಡ್ಡ ಜಾರುವಿಕೆಯನ್ನೂ ಸ್ವಲ್ಪ ಹಿಡಿಯುತ್ತದೆ.

ಮೂರನೆಯದು ವಜ್ರದಾಕಾರದ ಬಲೆ ಚೈನು, ಡೈಮಂಡ್ ಅನ್ನುತ್ತಾರೆ. ಟೈರಿಗೆ ಬಲೆ ಹೊದಿಸಿದ ಹಾಗೆ. ಯಾವಾಗಲೂ ಕಬ್ಬಿಣ ನೆಲ ಮುಟ್ಟಿರುತ್ತದೆ, ಹಾಗಾಗಿ ಕುಲುಕಾಟ ಕಡಿಮೆ. ಮುಂದೆ, ಹಿಂದೆ, ಅಡ್ಡ, ಎಲ್ಲ ಕಡೆಗೂ ಹಿಡಿತ. ನಾರ್ವೆಯ ಟ್ರಿಗ್, ಆಸ್ಟ್ರಿಯಾದ ಪೆವಾಗ್, ಜರ್ಮನಿಯ ರುಡ್ ಕಂಪನಿಗಳು ಇಂಥದ್ದಕ್ಕೆ ಹೆಸರಾದವು. ಬೆಲೆ ಜಾಸ್ತಿ, ತೂಕವೂ ಜಾಸ್ತಿ. ಕಡಿದಾದ ಇಳಿಜಾರು ಅಥವಾ ಪಕ್ಕಕ್ಕೆ ವಾಲಿದ ಡ್ರೈವ್‌ವೇ ಇರುವವರು ಇಲ್ಲಿ ಕಾಸು ಉಳಿಸಬೇಡಿ.

ವಿ-ಬಾರ್ ಚೈನು ಹಾಕಿದರೆ ಡ್ರೈವ್‌ವೇ ಹಾಳಾಗುತ್ತದಾ?

ಆಗುತ್ತದೆ. ವಿ-ಬಾರ್ ಅಂದರೆ ಅಡ್ಡ ಚೈನಿನ ಕೊಂಡಿಗಳ ಮೇಲೆ ವಿ ಆಕಾರದ ಉಕ್ಕಿನ ತುಂಡು ಬೆಸುಗೆ ಹಾಕಿರುವುದು. ಗಟ್ಟಿ ಐಸಿಗೆ ಅದರಷ್ಟು ಚೆನ್ನಾಗಿ ಬೇರೆ ಚೈನು ಕಚ್ಚುವುದು ಕಮ್ಮಿ. ಆದರೆ ಐಸಿಗೆ ಕಚ್ಚುವುದು ಡಾಂಬರಿಗೂ ಕಚ್ಚುತ್ತದೆ. ಭತ್ತದ ಗದ್ದೆ ಉಳುವ ಕೇಜ್ ವೀಲನ್ನು ಹಾಗೇ ಟಾರ್ ರಸ್ತೆಗೆ ತಂದರೆ ರಸ್ತೆ ಏನಾಗುತ್ತದೆ ಅಂತ ಮಂಡ್ಯ, ದಾವಣಗೆರೆ ಕಡೆಯವರಿಗೆ ಹೇಳಬೇಕಾಗಿಲ್ಲ. ಇದೂ ಅದೇ ಲೆಕ್ಕ.

ಮಣ್ಣು ಅಥವಾ ಜಲ್ಲಿಯ ಡ್ರೈವ್‌ವೇಗೆ ಧಾರಾಳವಾಗಿ ಹಾಕಿ. ಡಾಂಬರಿಗೆ ಮಾಮೂಲಿ ಕೊಂಡಿಯ ಚೈನು ಸಾಕು. ಚಕ್ರ ನಿಂತಲ್ಲೇ ಗಿರ್ರನೆ ತಿರುಗಲು ಬಿಡದಿದ್ದರೆ ಗೀರು ಬೀಳುವುದೂ ಕಡಿಮೆ. ಗೀರುವುದು ಚೈನಿನ ಭಾರಕ್ಕಿಂತ ಹೆಚ್ಚಾಗಿ ಈ ತಿರುಗಾಟವೇ. ಕಾಂಕ್ರೀಟ್, ಇಟ್ಟಿಗೆ ಹಾಸು, ಬಣ್ಣ ಬಳಿದ ಗ್ಯಾರೇಜ್ ನೆಲ ಇದ್ದರೆ ಮಾತ್ರ ಇನ್ನೊಮ್ಮೆ ಯೋಚಿಸಿ. ಗ್ಯಾರೇಜಿನಲ್ಲಿ ಚಕ್ರ ಓಡುವ ಜಾಗಕ್ಕೆ ಹಳೇ ರಬ್ಬರ್ ಮ್ಯಾಟ್ ಹಾಸಿಕೊಂಡರೆ ಒಳ್ಳೆಯದು.

ಚೈನು ಹಾಕಲು ಜಾಗ ಇದೆಯಾ ಅಂತ ಹೇಗೆ ನೋಡೋದು?

ಹೆಚ್ಚಿನವರು ಎಡವುವುದು ಇಲ್ಲೇ. ಚೈನು ತರಿಸಿ, ಹಾಕಿ, ಮೊದಲ ಸುತ್ತಿನಲ್ಲೇ ಹೈಡ್ರಾಲಿಕ್ ಪೈಪಿಗೆ ತಗಲಿಸಿಕೊಂಡವರು ಇದ್ದಾರೆ. ಹಾಗಾಗಿ ಆರ್ಡರ್ ಮಾಡುವ ಮೊದಲು ಒಂದು ಟಾರ್ಚ್ ಹಿಡಿದು ಟ್ರ್ಯಾಕ್ಟರಿನ ಹಿಂದೆ ಕೂರಿ.

ಟೈರು ನೆಲದ ಹತ್ತಿರ ಉಬ್ಬಿರುತ್ತದೆ, ಅಲ್ಲಿಂದ ಅಳೆಯಿರಿ. ಒಳಮಗ್ಗುಲಲ್ಲಿ ಏನೇನಿದೆ ನೋಡಿ: ತ್ರೀ ಪಾಯಿಂಟಿನ ಕೆಳಗಿನ ತೋಳು, ಅದು ಅಲ್ಲಾಡದಂತೆ ಬಿಗಿಯುವ ಸರಪಳಿ, ರೋಪ್ಸ್ (ಟ್ರ್ಯಾಕ್ಟರ್ ಮಗುಚಿದರೆ ಓಡಿಸುವವರನ್ನು ಕಾಯುವ ಚೌಕಟ್ಟು) ಕಂಬದ ಬುಡ, ಪೈಪುಗಳು, ಬ್ಯಾಕ್‌ಹೋ (ಹಿಂದೆ ನೆಲ ಅಗೆಯುವ ತೋಳು) ಇದ್ದರೆ ಅದರ ಫ್ರೇಮ್. ಆಮೇಲೆ ಮೇಲಿನ ಫೆಂಡರ್, ಅಂದರೆ ಮಡ್‌ಗಾರ್ಡ್. ತೋಳನ್ನು ಪೂರ್ತಿ ಎತ್ತಿ ಒಮ್ಮೆ, ಪೂರ್ತಿ ಇಳಿಸಿ ಒಮ್ಮೆ, ಪಕ್ಕಕ್ಕೆ ತಳ್ಳಿ ಒಮ್ಮೆ ನೋಡಿ. ಎತ್ತಿದಾಗ ಇದ್ದ ಜಾಗ ಇಳಿಸಿದಾಗ ಇರುವುದಿಲ್ಲ. ಎಲ್ಲ ಕಡೆ ಎರಡು ಬೆರಳು ಅಡ್ಡ ತೂರುವಷ್ಟು ಜಾಗ ಇದ್ದರೆ ನನಗೆ ಸಮಾಧಾನ. ಒಂದು ಬೆರಳು ಮಾತ್ರ ತೂರಿದರೆ ಬೇಡ. ಸಡಿಲಾದ ಚೈನು ಓಡುವಾಗ ಹೊರಕ್ಕೆ ಚಾಚಿಕೊಳ್ಳುತ್ತದೆ.

ಜಾಗ ಸಾಲದಿದ್ದರೆ ಎರಡು ದಾರಿ. ಕೆಲವು ಟ್ರ್ಯಾಕ್ಟರುಗಳಲ್ಲಿ ಚಕ್ರವನ್ನು ತಿರುಗಿಸಿ ಹಾಕಿ ಅಗಲ ಮಾಡಿಕೊಳ್ಳಬಹುದು. ಉಳಿದವಕ್ಕೆ ವೀಲ್ ಸ್ಪೇಸರ್ ಸಿಗುತ್ತದೆ. ಹಬ್ಬಿಗೂ ಚಕ್ರಕ್ಕೂ ನಡುವೆ ಕೂರಿಸಿದರೆ ಚಕ್ರ ಒಂದೂವರೆ, ಎರಡು ಇಂಚು ಹೊರಗೆ ಬರುತ್ತದೆ. ಹಾಕಿದ ಮೇಲೆ ಮೊದಲ ಕೆಲವು ಗಂಟೆಗಳ ಓಟದ ನಂತರ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೆ ಬಿಗಿ ನೋಡಲೇಬೇಕು. ಹಾಗೇ ಚೈನು ಸೇರಿ ಟ್ರ್ಯಾಕ್ಟರಿನ ಒಟ್ಟು ಅಗಲ ನಿಮ್ಮ ಬಕೆಟ್ ಅಥವಾ ಬ್ಲೋವರ್‌ನ ಅಗಲಕ್ಕಿಂತ ಕಡಿಮೆ ಇರಬೇಕು. ಇಲ್ಲದಿದ್ದರೆ ಚಕ್ರ ಪ್ರತಿ ಸಲ ಬದಿಯ ಹಿಮ ಹತ್ತಿಕೊಂಡು ಓಡುತ್ತದೆ.

ಹಿಂದಿನ ಚಕ್ರಕ್ಕಾ, ಮುಂದಿನದಕ್ಕಾ, ನಾಲ್ಕಕ್ಕೂನಾ?

ಹಿಂದಿನದಕ್ಕೆ. ಬ್ರೇಕ್ ಅಲ್ಲಿದೆ, ತೂಕ ಹಾಕುವುದು ಅಲ್ಲಿಗೇ. ಮುಂದಿನದಕ್ಕೆ ಮಾತ್ರ ಹಾಕುವುದು ಅಪಾಯ. ಇಳಿಯುವಾಗ ಮುಂದಿನದು ಕಚ್ಚಿಕೊಂಡು ಹಿಂದಿನದು ಜಾರಿದರೆ ಟ್ರ್ಯಾಕ್ಟರ್ ಸುತ್ತಿಕೊಳ್ಳುತ್ತದೆ. ನಾಲ್ಕಕ್ಕೂ ಹಾಕುವ ಯೋಚನೆ ಇದ್ದರೆ ಮೊದಲು ಕಂಪನಿಯ ಕೈಪಿಡಿ ತೆಗೆಯಿರಿ. ಬೇಡ ಅಂದಿದ್ದರೆ ಅಲ್ಲಿಗೆ ಬಿಡಿ. ಬೇಡ ಅಂತ ಇಲ್ಲದಿದ್ದರೂ ಸ್ಟಿಯರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ, ಲೋಡರಿನ ಕಂಬಕ್ಕೆ ತಗಲುತ್ತದಾ ನೋಡಿ.

ಅಳತೆ ಹೇಗೆ ಹೇಳಬೇಕು?

ಟೈರಿನ ಮಗ್ಗುಲಲ್ಲಿ ಬರೆದಿರುತ್ತದೆ. ಉದಾಹರಣೆಗೆ ಕುಬೋಟಾ ಬಿಎಕ್ಸ್ ಹಿಂದಿನ ಟೈರಿನಲ್ಲಿ 26×12.00-12 ಅಂತ ಕಾಣುತ್ತದೆ. ಟೈರಿನ ಎತ್ತರ 26 ಇಂಚು, ಅಗಲ 12, ರಿಮ್ 12. ಈ ಸಂಖ್ಯೆಯ ಜೊತೆಗೆ ಆರ್3ಯೋ ಆರ್4ಓ ಅನ್ನುವುದನ್ನೂ ಅಂಗಡಿಯವರಿಗೆ ಹೇಳಿ. ಸಂಖ್ಯೆ ಒಂದೇ ಇದ್ದರೂ ಪಟ್ಟಿಯ ಎತ್ತರದಿಂದ ಸುತ್ತಳತೆ ಬದಲಾಗುತ್ತದೆ. ಸ್ವಲ್ಪ ದೊಡ್ಡದು ಬಂದರೆ ಪಕ್ಕದ ಚೈನಿನ ಕೊಂಡಿ ಕತ್ತರಿಸಿ ಸರಿ ಮಾಡಬಹುದು. ಚಿಕ್ಕದು ಬಂದರೆ ವಾಪಸ್ ಕಳಿಸಬೇಕು.

ಹಾಕುವುದು ಹೇಗೆ? ಒಬ್ಬರೇ ಹಾಕಬಹುದಾ?

ಹಾಕಬಹುದು. ಹಿಮ ಬೀಳುವ ಮೊದಲೇ, ನವೆಂಬರಿನ ಒಂದು ಒಣ ಮಧ್ಯಾಹ್ನ ಹಾಕಿ. ಮೈನಸ್ 15 ಡಿಗ್ರಿಯಲ್ಲಿ ಬರಿಗೈಯಲ್ಲಿ ಚೈನು ಮುಟ್ಟಲಾಗುವುದಿಲ್ಲ, ಗ್ಲೌಸ್ ಹಾಕಿದರೆ ಕೊಕ್ಕೆ ಸಿಗುವುದಿಲ್ಲ.

ಇಂಜಿನ್ ಆಫ್, ಪಾರ್ಕಿಂಗ್ ಬ್ರೇಕ್, ಬಕೆಟ್ ನೆಲಕ್ಕೆ. ಸಣ್ಣ ಮಕ್ಕಳು ಒಳಗೆ. ಚೈನನ್ನು ನೆಲದ ಮೇಲೆ ಚಾಪೆಯ ಹಾಗೆ ಬಿಡಿಸಿ ಹಾಸಿ, ಒಂದು ಕೊಂಡಿಯೂ ತಿರುಚಿರಬಾರದು. ಅಡ್ಡ ಚೈನಿನ ಕೊಕ್ಕೆಗಳ ತೆರೆದ ಬಾಯಿ ಟೈರಿಗೆ ಬೆನ್ನು ಮಾಡಿರಬೇಕು. ಇಲ್ಲವಾದರೆ ಚಳಿಗಾಲವಿಡೀ ಅದು ರಬ್ಬರನ್ನು ಕೊರೆಯುತ್ತದೆ. ಈಗ ಎತ್ತಿ ಟೈರಿನ ಮೇಲೆ ಹೊದಿಸಿ. ಮುಂದಿನ ತುದಿ ಟೈರಿನ ಕೆಳಗೆ ಸ್ವಲ್ಪ ಸಿಕ್ಕುವ ಹಾಗೆ ಇಟ್ಟು, ಟ್ರ್ಯಾಕ್ಟರನ್ನು ನಿಧಾನಕ್ಕೆ ಅರ್ಧ ಸುತ್ತು ಮುಂದೆ ತನ್ನಿ. ಮತ್ತೆ ಇಂಜಿನ್ ಆಫ್ ಮಾಡಿ ಇಳಿಯಿರಿ.

ಒಳಗಿನ ಕೊಕ್ಕೆ ಮೊದಲು. ಕಷ್ಟದ ಭಾಗ ಇದೇ. ನಿಮ್ಮ ತೋಳು ಟೈರಿನ ಹಿಂದೆ ಹೋಗಬೇಕು, ಕಣ್ಣಿಗೆ ಏನೂ ಕಾಣುವುದಿಲ್ಲ, ಬೆರಳಿನಲ್ಲೇ ಕೊಂಡಿ ಎಣಿಸಬೇಕು. ಬಟ್ಟೆ ನೇತುಹಾಕುವ ತಂತಿ ಹ್ಯಾಂಗರ್ ಬಿಚ್ಚಿ ತುದಿ ಬಗ್ಗಿಸಿ ಇಟ್ಟುಕೊಳ್ಳಿ, ಚೈನಿನ ತುದಿಯನ್ನು ಅದರಲ್ಲಿ ಎಳೆದುಕೊಳ್ಳಬಹುದು. ಎಷ್ಟನೇ ಕೊಂಡಿಗೆ ಕೊಕ್ಕೆ ಬಿತ್ತು ಅಂತ ನೆನಪಿಡಿ. ಸಿಕ್ಕಿಸಿದ ಮೇಲೆ ಹೊರಗಿನದು, ಅದು ಸುಲಭ. ಉಳಿದ ಬಾಲವನ್ನು ತಂತಿಯಿಂದ ಪಕ್ಕದ ಚೈನಿಗೇ ಕಟ್ಟಿಬಿಡಿ, ಇಲ್ಲದಿದ್ದರೆ ಫೆಂಡರಿಗೆ ಪಟಪಟ ಹೊಡೆಯುತ್ತದೆ.

ಕೆಲವರು ಟೈರಿನ ಗಾಳಿ ಇಳಿಸಿ, ಚೈನು ಹಾಕಿ, ಮತ್ತೆ ತುಂಬುತ್ತಾರೆ. ನಾನು ಬೇಡ ಅನ್ನುತ್ತೇನೆ. ಮೊದಲು ಸರಿಯಾದ ಗಾಳಿ ತುಂಬಿ, ಆಮೇಲೆ ಹಾಕಿ. ಚಳಿಗೆ ಗಾಳಿ ತಾನಾಗೇ ಇಳಿಯುತ್ತದೆ, ಪ್ರತಿ 10 ಡಿಗ್ರಿ ಫ್ಯಾರನ್‌ಹೀಟಿಗೆ ಅರ್ಧದಿಂದ 1 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ). ನವೆಂಬರಿನಲ್ಲಿ ಬಿಗಿಯಾಗಿದ್ದ ಚೈನು ಜನವರಿಯಲ್ಲಿ ಸಡಿಲಾಗಲು ಇದೂ ಒಂದು ಕಾರಣ.

ಎಷ್ಟು ಬಿಗಿ ಇರಬೇಕು?

ಹೊರಗಿನ ಚೈನಿನ ಕೆಳಗೆ ಬೆರಳು ತೂರಬೇಕು, ಮುಷ್ಟಿ ತೂರಬಾರದು. ಹಾಕಿದ ತಕ್ಷಣ ಎಷ್ಟೇ ಬಿಗಿದರೂ 10–15 ನಿಮಿಷ ಓಡಿಸಿದ ಮೇಲೆ ಕೊಂಡಿಗಳು ತಮ್ಮ ಜಾಗಕ್ಕೆ ಕೂತು ಸಡಿಲಾಗುತ್ತವೆ. ಆಗ ಇನ್ನೊಂದು ಕೊಂಡಿ ಎಳೆಯಿರಿ. ಹೊರಗಿನಿಂದ ನಕ್ಷತ್ರದ ಹಾಗೆ ಎಳೆದು ಹಿಡಿಯುವ ರಬ್ಬರ್ ಟೆನ್ಶನರ್ ಹಾಕಿದರೆ ಒಳ್ಳೆಯದು. ಚಳಿಗೆ ರಬ್ಬರ್ ತುಂಡಾಗುವುದುಂಟು, ಒಂದು ಜೊತೆ ಜಾಸ್ತಿ ಇಟ್ಟುಕೊಳ್ಳಿ.

ಚೈನು ಹಾಕಿ ಓಡಿಸುವಾಗ ಏನು ಗಮನಿಸಬೇಕು?

ಲೋ ರೇಂಜ್, ನಡಿಗೆಯ ವೇಗ. ಇಳಿಜಾರಿನಲ್ಲಿ ನೇರ ಹತ್ತಿ, ನೇರ ಇಳಿಯಿರಿ, ಅಡ್ಡ ಹೋಗಬೇಡಿ. ಡಿಫರೆನ್ಶಿಯಲ್ ಲಾಕ್ (ಹಿಂದಿನ ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗುವಂತೆ ಮಾಡುವುದು) ನೇರ ಹೋಗುವಾಗ ಮಾತ್ರ. ಬಕೆಟ್ಟನ್ನು ಫ್ಲೋಟ್‌ನಲ್ಲಿ, ಅಂದರೆ ನೆಲದ ಏರಿಳಿತಕ್ಕೆ ತಕ್ಕಂತೆ ತಾನೇ ಆಡುವ ಹಾಗೆ, ಬಿಡಿ. ಕೆಳಕ್ಕೆ ಒತ್ತಿ ಹಿಡಿದರೆ ಮುಂದಿನ ಚಕ್ರ ಮೇಲೇಳುತ್ತದೆ, ಸ್ಟಿಯರಿಂಗ್ ಹೋಯಿತು. ರೋಪ್ಸ್ ಎತ್ತಿ, ಸೀಟ್ ಬೆಲ್ಟ್ ಹಾಕಿ. ಗ್ಯಾರೇಜಿನ ಬಾಗಿಲು ಕಡಿಮೆ ಎತ್ತರವಿದೆ ಅಂತ ರೋಪ್ಸ್ ಮಡಚಿಟ್ಟೇ ಕೆಲಸ ಮಾಡುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಕಿವಿಯೂ ಬೇಕು. ಚೈನಿನ ಸದ್ದು ಒಂದೇ ಲಯದಲ್ಲಿ ಬರುತ್ತಿರುತ್ತದೆ. ನಡುವೆ ಒಂದು ಬೇರೆ ಥಡ್ ಅಂತ ಕೇಳಿದರೆ ಅಲ್ಲೇ ನಿಲ್ಲಿಸಿ. ಅಡ್ಡ ಚೈನು ಒಂದು ತುಂಡಾಗಿರುತ್ತದೆ. ಎರಡೇ ನಿಮಿಷ ಅಂತ ಮುಂದುವರಿದರೆ ಅದು ಫೆಂಡರನ್ನೋ ಪೈಪನ್ನೋ ಹರಿಯುತ್ತದೆ. ಸೀಟಿನ ಕೆಳಗೆ ನಾಲ್ಕು ರಿಪೇರಿ ಕೊಂಡಿ, ಒಂದು ಇಕ್ಕಳ ಇರಲಿ.

ಚೈನು ಬೇಡವೇ ಬೇಡ ಅನ್ನುವವರಿಗೆ?

ಫಿನ್‌ಲೆಂಡಿನ ನೋಕಿಯನ್ ಕಂಪನಿ ಸಣ್ಣ ಟ್ರ್ಯಾಕ್ಟರಿಗೂ ಹಿಮದಲ್ಲಿ ಹಿಡಿಯುವ, ಚೌಕ ಗುಬ್ಬಿಗಳ ಟೈರು ಮಾಡುತ್ತದೆ. ಜಾಗವೇ ಇಲ್ಲದ ಟ್ರ್ಯಾಕ್ಟರಿಗೆ ಅದೇ ದಾರಿ. ಟೈರಿನ ಪಟ್ಟಿಗೆ ತಿರುಪಿ ಕೂರಿಸುವ ಉಕ್ಕಿನ ಸ್ಟಡ್ಡುಗಳೂ ಇವೆ. ಪಟ್ಟಿಯ ದಪ್ಪ ಅಳೆದು ಅದಕ್ಕಿಂತ ಗಿಡ್ಡವಾದದ್ದನ್ನೇ ತಗೊಳ್ಳಿ, ಒಳಗೆ ದ್ರವ ತುಂಬಿದ್ದರೆ ಇನ್ನೂ ಹುಷಾರು. ತಳ್ಳುವ ಬದಲು ಬ್ಲೋವರ್ ಬಳಸಿದರೂ ಜಾರುವುದು ಅರ್ಧ ಕಡಿಮೆಯಾಗುತ್ತದೆ. ಹಿಮವನ್ನು ಎಸೆಯಲು ತಳ್ಳುವಷ್ಟು ಹಿಡಿತ ಬೇಡ.

ಯಾರೋ ಮಾರುತ್ತಿರುವ ಹಳೇ ಚೈನು ತಗೊಳ್ಳಬಹುದಾ?

ತಗೊಳ್ಳಬಹುದು. ನೆಲ ಮುಟ್ಟುವ ಕೊಂಡಿಯನ್ನು ನೆಲ ಮುಟ್ಟದ ಪಕ್ಕದ ಕೊಂಡಿಯ ಜೊತೆ ಹೋಲಿಸಿ ನೋಡಿ. ಅರ್ಧದಷ್ಟು ಸವೆದಿದ್ದರೆ ಬಿಡಿ. ಮಾಮೂಲಿ ಚೈನಿನಲ್ಲಿ ಹೊರಗಿನ ಪದರ ಮಾತ್ರ ಗಟ್ಟಿ ಮಾಡಿರುತ್ತಾರೆ. ಅದು ಹೋದ ಮೇಲೆ ಒಳಗಿನ ಮೆತ್ತನೆ ಉಕ್ಕು ಬೇಗ ಬೇಗ ಸವೆಯುತ್ತದೆ. ತುಕ್ಕಿನ ಬಣ್ಣಕ್ಕೆ ಹೆದರಬೇಡಿ, ಸವೆತಕ್ಕೆ ಹೆದರಿ.

ಚಳಿಗಾಲ ಮುಗಿದ ಮೇಲೆ?

ಏಪ್ರಿಲ್ ಮಧ್ಯದವರೆಗೆ ಬಿಚ್ಚಬೇಡಿ. ಇಲ್ಲಿ ಏಪ್ರಿಲಿನಲ್ಲೂ ಅರ್ಧ ಅಡಿ ಬಿದ್ದದ್ದುಂಟು. ಬಿಚ್ಚಿದ ಮೇಲೆ, ಐಸ್ ಕರಗಿಸಲು ಚೆಲ್ಲಿದ ಉಪ್ಪು ಹೋಗುವ ಹಾಗೆ ನೀರಿನಲ್ಲಿ ತೊಳೆದು, ಬಿಸಿಲಿಗೆ ಹರಡಿ, ಒಣಗಿದ ಮೇಲೆ ಎಣ್ಣೆ ಸವರಿ ಬಕೆಟ್ಟಿನಲ್ಲಿಡಿ. ಎಡದ್ದು ಯಾವುದು, ಬಲದ್ದು ಯಾವುದು ಅಂತ ಚೀಟಿ ಕಟ್ಟಿ. ಒಳಗಿನ ಕೊಕ್ಕೆ ಎಷ್ಟನೇ ಕೊಂಡಿಗೆ ಬಿದ್ದಿತ್ತೋ ಆ ಕೊಂಡಿಗೆ ಒಂದು ಬೊಟ್ಟು ಕೆಂಪು ಪೇಂಟ್ ಹಚ್ಚಿಡಿ. ನಮ್ಮ ಚೈನಿನಲ್ಲಿ ಆ ಕೆಂಪು ಬೊಟ್ಟು ಐದು ವರ್ಷದಿಂದ ಇದೆ. ಟೈರಿನ ಹಿಂದೆ ತೋಳು ತೂರಿಸಿ ಕೊಂಡಿ ಎಣಿಸುವ ಕೆಲಸ ತಪ್ಪಿದೆ. ಈಗ ಟಾರ್ಚ್ ಹಿಡಿಯಲು ಮಗಳು ಬರುತ್ತಾಳೆ, ಬೊಟ್ಟು ಕಂಡ ತಕ್ಷಣ ಹೇಳುತ್ತಾಳೆ.